ಮನೆಯಿಂದಲೇ ಗಳಿಸುವುದನ್ನು ಕಲಿಸುವ ಆನ್‌ಲೈನ್ ಕೋರ್ಸಿಗೆ 35,400 ರೂಪಾಯಿ ಕಟ್ಟಬಹುದೇ?

ತುಂಗಾತೀರ (ಶಿವಮೊಗ್ಗ):

ನನ್ನ ತಂಗಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದವಳು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಎರಡು ವರ್ಷಗಳಿಂದ ಮನೆಯಲ್ಲಿದ್ದಾಳೆ. ಹೋದ ಭಾನುವಾರ ಇನ್‌ಸ್ಟಾಗ್ರಾಂ ಜಾಹೀರಾತೊಂದನ್ನು ನಂಬಿ 99 ರೂಪಾಯಿ ಕೊಟ್ಟು ಮೂರು ಗಂಟೆಗಳ ವೆಬಿನಾರ್ ಕೇಳಿದಳು. ಅದರ ಕೊನೆಯಲ್ಲಿ, ಮನೆಯಿಂದಲೇ ತಿಂಗಳಿಗೆ ಲಕ್ಷ ರೂಪಾಯಿ ಗಳಿಸುವುದನ್ನು ಕಲಿಸುವ ಕಾರ್ಯಕ್ರಮವೊಂದನ್ನು 30,000 ರೂಪಾಯಿಗೆ, ಜಿಎಸ್‌ಟಿ ಸೇರಿದರೆ 35,400ಕ್ಕೆ, ಆ ರಾತ್ರಿ ಹನ್ನೆರಡರವರೆಗೆ ಮಾತ್ರ ಕೊಡುತ್ತೇವೆಂದು ಹೇಳಿದರಂತೆ. ಪರದೆಯ ಮೇಲೆ ಗಡಿಯಾರ ಇಳಿಯುತ್ತಿದ್ದುದನ್ನು ಕಂಡು ಅವಳು 2,000 ರೂಪಾಯಿ ಮುಂಗಡ ಕಟ್ಟಿದ್ದಾಳೆ. ಉಳಿದದ್ದನ್ನು ಬಡ್ಡಿಯಿಲ್ಲದ ಕಂತುಗಳಲ್ಲಿ ಕಟ್ಟಬಹುದೆಂದು ದಿನಕ್ಕೆ ಎರಡು ಬಾರಿ ಕರೆ ಬರುತ್ತಿದೆ. ಬಹಳ ದಿನಗಳ ನಂತರ ಅವಳ ಮುಖದಲ್ಲಿ ಉತ್ಸಾಹ ಕಂಡಿದ್ದರಿಂದ, ಸರಿಯಾದ ಕಾರಣವಿಲ್ಲದೆ ಬೇಡವೆನ್ನಲು ನನಗೆ ಮನಸ್ಸು ಬರುತ್ತಿಲ್ಲ. ಇಂಥದ್ದನ್ನು ಕೊಂಡವರು ಅಥವಾ ಒಳಗಿನಿಂದ ಬಲ್ಲವರು ದಯವಿಟ್ಟು ತಿಳಿಸಿ.

ಬಿಳಿಜೋಳ (ಹುಬ್ಬಳ್ಳಿ):

ನಾನು ಇಂತಹ ಒಂದು ಕಾರ್ಯಕ್ರಮವನ್ನು ಪೂರ್ತಿ ಹಣ ಕೊಟ್ಟು ಕೊಂಡವನು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಹೆಸರು ಬದಲಾದರೂ ಒಳಗಿನ ರಚನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಲಾಗಿನ್ ಸಿಕ್ಕಿದ ಮೇಲೆ ನಲವತ್ತಕ್ಕೂ ಹೆಚ್ಚು ವಿಡಿಯೋಗಳು ಕಂಡವು: ಕ್ಯಾನ್ವಾದಲ್ಲಿ ಪೋಸ್ಟರ್ ಮಾಡುವುದು, ರೀಲ್ಸ್ ಸಂಕಲನ, ಫೇಸ್‌ಬುಕ್ ಜಾಹೀರಾತು ಹಾಕುವುದು. ಇವೆಲ್ಲ ಯೂಟ್ಯೂಬಿನಲ್ಲಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತವೆ. ಎರಡನೆಯ ವಾರದ ಪಾಠದಲ್ಲಿ ವ್ಯಾಪಾರ ಯಾವುದೆಂದು ತಿಳಿಯಿತು. ನಾನು ಕೊಂಡ ಅದೇ ಕೋರ್ಸನ್ನು ಬೇರೆಯವರಿಗೆ ಮಾರಿದರೆ ಅರ್ಧದಷ್ಟು ಕಮಿಷನ್ ಬರುತ್ತಿತ್ತು. ಮೊದಲು ಸಂಪರ್ಕಿಸಬೇಕಾದ ನೂರು ಜನರ ಪಟ್ಟಿ ಮಾಡಲು ಹೇಳಿದಾಗ ನಾನು ಬರೆದದ್ದು ಸೋದರಮಾವನ ಮಗನ ಹೆಸರನ್ನು, ಹಳೆಯ ಸಹಪಾಠಿಗಳ ಹೆಸರನ್ನು, ನಮ್ಮ ಓಣಿಯ ದರ್ಜಿಯ ಹೆಸರನ್ನು.

ಆ ಲೆಕ್ಕವನ್ನು ನಾನು ತಡವಾಗಿ ಹಾಕಿದೆ. ಕೊಟ್ಟ ಹಣ ಹಿಂತಿರುಗಿ ಅಲ್ಪಸ್ವಲ್ಪ ಲಾಭ ಕಾಣಲು ಒಬ್ಬೊಬ್ಬರೂ ಮೂವರನ್ನು ಸೇರಿಸಬೇಕು ಎಂದುಕೊಳ್ಳಿ. ಮೂರು ಒಂಬತ್ತಾಗಿ, ಒಂಬತ್ತು ಇಪ್ಪತ್ತೇಳಾಗಿ ಬೆಳೆದರೆ ಹತ್ತನೆಯ ಸುತ್ತಿನಲ್ಲೇ 59,049 ಜನ ಹೊಸದಾಗಿ ಹಣ ಕಟ್ಟಬೇಕಾಗುತ್ತದೆ. ಸರಪಳಿ ಯಾವ ಸುತ್ತಿನಲ್ಲಿ ನಿಂತರೂ, ಹಣ ಕೊಟ್ಟ ಪ್ರತಿ ಮೂವರಲ್ಲಿ ಇಬ್ಬರು ಕೊನೆಯ ಸಾಲಿನಲ್ಲೇ ಇರುತ್ತಾರೆ ಮತ್ತು ಅವರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಇದಕ್ಕೆ ಆ ಇಬ್ಬರ ಸೋಮಾರಿತನ ಕಾರಣವಲ್ಲ, ರಚನೆಯೇ ಹಾಗಿದೆ. ಆದರೆ ಪ್ರತಿ ಶನಿವಾರದ ಜೂಮ್ ಸಭೆಯಲ್ಲಿ ನಮಗೆ ಹೇಳುತ್ತಿದ್ದದ್ದು, ಸೋತವರ ಮನಸ್ಥಿತಿ ಸರಿಯಿಲ್ಲ ಎಂದು. ಆರು ತಿಂಗಳು ನಾನು ಅದನ್ನು ನಂಬಿ ನನ್ನನ್ನೇ ಹಳಿದುಕೊಂಡೆ. ನನ್ನ ಮಾತಿನ ಮೇಲೆ ಸೇರಿದ ಇಬ್ಬರಲ್ಲಿ ಒಬ್ಬರಿಗೆ ನಾನು ಪಡೆದ ಕಮಿಷನ್ನನ್ನು ಹಿಂತಿರುಗಿಸಿದ್ದೇನೆ, ಇನ್ನೊಬ್ಬರಿಗೆ ಇನ್ನೂ ಕೊಡಬೇಕಿದೆ.

ಮಳೆಬೀದಿ (ಬೆಂಗಳೂರು):

ತಂಗಿಯವರಿಗೆ ಬರುತ್ತಿರುವಂತಹ ಕರೆಗಳನ್ನು ನಾನೇ ಹದಿನಾಲ್ಕು ತಿಂಗಳು ಮಾಡಿದ್ದೇನೆ. ನಮ್ಮ ಹುದ್ದೆಗೆ ಕೌನ್ಸೆಲರ್ ಎಂಬ ಹೆಸರಿದ್ದರೂ ನಮ್ಮ ಸಂಬಳ ಮಾರಾಟದ ಗುರಿಗೆ ತಗುಲಿಕೊಂಡಿತ್ತು. 99 ರೂಪಾಯಿ ಕೊಟ್ಟವರ ಪಟ್ಟಿ ನಮ್ಮ ಪಾಲಿಗೆ ಚಿನ್ನ, ಏಕೆಂದರೆ ಅವರು ಹಣ ಪಾವತಿಸಲು ಹಿಂಜರಿಯುವುದಿಲ್ಲವೆಂಬುದು ಆಗಲೇ ಗೊತ್ತಾಗಿರುತ್ತದೆ. ಮೊದಲ ಕರೆಯಲ್ಲಿ ಸಾಲ, ಮಗುವಿನ ಫೀಸು, ಗಂಡನನ್ನು ಹಣ ಕೇಳಬೇಕಾದ ಸಂಕೋಚ, ಹೀಗೆ ಎದುರಿನವರ ನೋವನ್ನು ಅವರ ಬಾಯಿಂದಲೇ ಹೇಳಿಸಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆವು, ಎರಡನೆಯ ಕರೆಯಲ್ಲಿ ಅದೇ ಮಾತುಗಳನ್ನು ಅವರಿಗೆ ತಿರುಗಿ ಹೇಳುತ್ತಿದ್ದೆವು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದರೆ, ‘ನಿಮ್ಮ ನಿರ್ಧಾರವನ್ನು ನೀವೇ ತೆಗೆದುಕೊಳ್ಳಲಾರಿರಾ’ ಎಂಬ ಉತ್ತರ ಬರೆದಿಟ್ಟ ಹಾಳೆಯಲ್ಲೇ ಇತ್ತು. ಹಾಗೆ ಹೇಳಿ ಮಾರಿದ ಪ್ರತಿ ಸಲವೂ ನನಗೆ ಸಂಕಟವಾಗುತ್ತಿತ್ತು, ಕೊನೆಗೆ ಕೆಲಸ ಬಿಟ್ಟೆ. ರಾತ್ರಿ ಹನ್ನೆರಡಕ್ಕೆ ಮುಗಿಯುವ ರಿಯಾಯಿತಿ ನಮ್ಮಲ್ಲಿ ಮರುದಿನ ಬೆಳಿಗ್ಗೆಯೂ ಇರುತ್ತಿತ್ತು.

ಇನ್ನು ಬಡ್ಡಿಯಿಲ್ಲದ ಕಂತಿನ ವಿಚಾರ. ಹೆಚ್ಚಿನ ಸಂದರ್ಭಗಳಲ್ಲಿ ಅದು ಬ್ಯಾಂಕೇತರ ಹಣಕಾಸು ಸಂಸ್ಥೆಯೊಂದು ತಂಗಿಯವರ ಪ್ಯಾನ್ ಮತ್ತು ಆಧಾರ್ ಮೇಲೆ ಕೊಡುವ ವೈಯಕ್ತಿಕ ಸಾಲ. ಹಣ ಕೋರ್ಸಿನವರಿಗೆ ಮೊದಲೇ ಸಂದಾಯವಾಗುತ್ತದೆ. ಕೋರ್ಸ್ ಬೇಡವೆಂದು ಕಂತು ನಿಲ್ಲಿಸಿದರೆ ಕೆಡುವುದು ತಂಗಿಯವರ ಸಿಬಿಲ್ ಅಂಕ, ಅಂದರೆ ಮುಂದೆ ಸಾಲ ಕೊಡುವವರು ನೋಡುವ ಅಂಕ. ಆದ್ದರಿಂದ ಫೋನಿಗೆ ಬರುವ ಒಟಿಪಿಯನ್ನು ‘ಅರ್ಹತೆ ನೋಡಲು ಮಾತ್ರ’ ಎಂದು ಕೇಳಿದರೂ ಹೇಳಬಾರದು. ಅವರು ತೋರಿಸುವ ಗಳಿಕೆಯ ಸ್ಕ್ರೀನ್‌ಶಾಟ್‌ಗಳಿಗೆ ಬೆಲೆಯಿಲ್ಲ. ಲಕ್ಷಗಟ್ಟಲೆ ಕಮಿಷನ್ ಪಡೆದವರಿಗೆ ಟಿಡಿಎಸ್ ಕಡಿತವಾಗಿರಬೇಕು, ಅದು ಆದಾಯ ತೆರಿಗೆ ಇಲಾಖೆಯ ವಿವರಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಕಾಣಬೇಕು. ಅದನ್ನು ತೋರಿಸಿ ಎಂದು ಕೇಳಲಿ.

ಕರಿಕೋಟು (ಮೈಸೂರು):

ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲನಾಗಿ ಕೆಲವು ಮಾತು ಸೇರಿಸುತ್ತೇನೆ. ಸದಸ್ಯರನ್ನು ಸೇರಿಸುವುದರಿಂದಲೇ ಲಾಭ ಬರುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸುತ್ತವೆ. ಅದಕ್ಕೂ ಮೊದಲು 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಇದೆ. ಇದರಿಂದ ತಪ್ಪಿಸಿಕೊಳ್ಳಲು ಈ ಸಂಸ್ಥೆಗಳು ನಾವು ಮಾರುವುದು ಶಿಕ್ಷಣ, ಕಮಿಷನ್ ಕೇವಲ ಅಫಿಲಿಯೇಟ್ ಮಾರ್ಕೆಟಿಂಗ್, ಅಂದರೆ ಬೇರೆಯವರ ಸರಕನ್ನು ಮಾರಿಸಿಕೊಟ್ಟದ್ದಕ್ಕೆ ಸಿಗುವ ಪಾಲು ಎನ್ನುತ್ತವೆ. ಯಾವ ಕಾರ್ಯಕ್ರಮ ಯಾವ ಕಡೆ ಬೀಳುತ್ತದೆ ಎಂಬುದನ್ನು ಸಾಕ್ಷ್ಯ ನೋಡಿಯೇ ತೀರ್ಮಾನಿಸಬೇಕು. ಆದರೆ ಸುಳ್ಳು ತುರ್ತನ್ನು ಹುಟ್ಟಿಸುವ ಗಡಿಯಾರದ ಬಗ್ಗೆ ಅಂತಹ ಗೊಂದಲವಿಲ್ಲ: 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳಲ್ಲಿ, ಅದೂ ಒಂದು.

ದೂರು ಕೊಟ್ಟರೆ ಸಂಸ್ಥೆಯವರು ಸಾಮಾನ್ಯವಾಗಿ ಎತ್ತುವ ಆಕ್ಷೇಪಣೆ, ‘ಇವರು ವ್ಯಾಪಾರಕ್ಕಾಗಿ ಕೊಂಡವರು, ಗ್ರಾಹಕರೇ ಅಲ್ಲ’ ಎಂಬುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವಿವರಣೆಯ ಪ್ರಕಾರ, ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸಲೆಂದೇ ಕೊಂಡದ್ದು ವಾಣಿಜ್ಯ ಉದ್ದೇಶವಾಗುವುದಿಲ್ಲ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಸಂಸ್ಥೆ ಯಾವ ರಾಜ್ಯದ್ದಾಗಿದ್ದರೂ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಮೋಬ್ ಎಂಬ ಸಂಸ್ಥೆ 49 ಡಾಲರಿನ 21 ಹೆಜ್ಜೆಗಳ ಪಾಠದಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಾರು ಸಾವಿರ ಡಾಲರಿನ ಸದಸ್ಯತ್ವಕ್ಕೆ ಜನರನ್ನು ಏರಿಸುತ್ತಿತ್ತು. 2018ರಲ್ಲಿ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ನ್ಯಾಯಾಲಯಕ್ಕೆ ಎಳೆದಾಗ, ಜನರಿಂದ ಪಡೆದದ್ದು 12.5 ಕೋಟಿ ಡಾಲರಿಗೂ ಹೆಚ್ಚು ಎಂದು ಆರೋಪಿಸಿತು. 2022ರಲ್ಲಿ ಸಂತ್ರಸ್ತರಿಗೆ ಮರಳಿದ್ದು ಸುಮಾರು 2.3 ಕೋಟಿ ಡಾಲರ್.

ತುಂಗಾತೀರ:

ನಿಮ್ಮೆಲ್ಲರ ಉತ್ತರಗಳನ್ನು ತಂಗಿಯ ಪಕ್ಕದಲ್ಲೇ ಕುಳಿತು ಓದಿದೆ. ಮೂವರಲ್ಲಿ ಇಬ್ಬರ ಲೆಕ್ಕವನ್ನು ಅವಳೇ ಕಾಗದದ ಮೇಲೆ ಮತ್ತೆ ಹಾಕಿ ನೋಡಿದಳು. ಕಂತಿನ ಅರ್ಜಿ ಇನ್ನೂ ಪೂರ್ತಿಯಾಗಿಲ್ಲ, ಒಟಿಪಿ ಕೊಟ್ಟಿಲ್ಲ. ಆದರೆ ಮುಂಗಡ ಹಿಂತಿರುಗಿಸುವುದಿಲ್ಲವೆಂದು ಅವರು ಫೋನಿನಲ್ಲಿ ಹೇಳುತ್ತಿದ್ದಾರೆ, ಮತ್ತು ಆ ಕರೆಗಳ ಧ್ವನಿಮುದ್ರಣ ನಮ್ಮಲ್ಲಿಲ್ಲ.

ಕರಿಕೋಟು:

ಇನ್ನು ಮುಂದೆ ಫೋನಿನಲ್ಲಿ ಮಾತು ಬೇಡ. ಒಪ್ಪಂದ ರದ್ದು ಮಾಡಿ 2,000 ರೂಪಾಯಿ ಹಿಂತಿರುಗಿಸಿ ಎಂದು ಇಮೇಲ್ ಕಳುಹಿಸಲಿ. ಫೋನಿನಲ್ಲಿ ಅವರು ಏನು ಹೇಳಿದರೆಂಬುದನ್ನು ದಿನಾಂಕ ಸಹಿತ ಅದರಲ್ಲೇ ಬರೆಯಲಿ. ಜಾಹೀರಾತು, ವಾಟ್ಸಾಪ್ ಸಂದೇಶಗಳು, ಯುಪಿಐ ರಸೀದಿ ಇವುಗಳನ್ನು ಅಳಿಸದೆ ಅದೇ ಫೋನಿನಲ್ಲಿ ಉಳಿಸಿಕೊಳ್ಳಲಿ, ಏಕೆಂದರೆ ಮುಂದೆ ಪ್ರಕರಣವಾದರೆ ಡಿಜಿಟಲ್ ದಾಖಲೆಗಳಿಗೆ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದೊಂದಿಗೆ ಅವನ್ನು ಹಾಜರುಪಡಿಸುವುದು ಸುಲಭವಾಗುತ್ತದೆ. ವಾರದೊಳಗೆ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತನಾಡಬಹುದು. ಇಮೇಲಿನ ಕರಡನ್ನು ಇಲ್ಲಿ ಹಾಕಿದರೆ ಇಂದು ಸಂಜೆ ನೋಡಿ ತಿದ್ದಿಕೊಡುತ್ತೇನೆ.