ಒಬ್ಬರಿಗೆ ಸಾಕಾಗುವ ಕಾಫಿ ಯಂತ್ರ ಯಾವುದು?

ಪ್ರಶ್ನೆ (ತುಮಕೂರು): ನಮ್ಮ ಸೋದರತ್ತೆಯವರು ಒಬ್ಬರೇ ಇದ್ದಾರೆ, ಕೈ ನಡುಗುವುದರಿಂದ ಅವರು ಫಿಲ್ಟರಿಗೆ ಕುದಿಯುವ ನೀರು ಸುರಿಯುವುದನ್ನು ನೋಡಿದರೆ ಭಯವಾಗುತ್ತದೆ. ಒಂದೇ ಲೋಟಕ್ಕಾಗುವ, ಗುಂಡಿ ಒತ್ತಿದರೆ ಸಾಕೆನ್ನುವಂಥ ಯಂತ್ರವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಕ್ಯಾಪ್ಸೂಲ್ ಯಂತ್ರ (ಒಂದು ಲೋಟಕ್ಕಾಗುವಷ್ಟು ಕಾಫಿಪುಡಿ ತುಂಬಿ ಮುಚ್ಚಿದ ಪುಟ್ಟ ಡಬ್ಬಿಯನ್ನು ಹಾಕುವಂಥದ್ದು) ಸುಲಭವೇನೋ ಹೌದು, ಆದರೆ ಪ್ರತಿ ಲೋಟಕ್ಕೂ ಹೊಸ ಕ್ಯಾಪ್ಸೂಲ್ ಬೇಕು. ಅವರಿಗೆ ರೂಢಿಯಾದ ಚಿಕೋರಿ ಬೆರೆತ ಪುಡಿಯನ್ನೇ ಹಾಕಬಹುದಾದ, ತಾನಾಗಿ ಆಫ್ ಆಗುವ ಚಿಕ್ಕ ವಿದ್ಯುತ್ ಡಿಕಾಕ್ಷನ್ ಯಂತ್ರವೇ ಮೇಲು. ಹಾಲು ಕಾಯಿಸುವ ಕೆಲಸವಂತೂ ಉಳಿದೇ ಉಳಿಯುತ್ತದೆ.

ಉತ್ತರ 2 (ಕೋಲಾರ): ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾದ್ದರಿಂದ ಯಂತ್ರದೊಳಗೆ ಬಿಳಿ ಪದರ ಕಟ್ಟಿ, ಕ್ರಮೇಣ ನೀರು ಹನಿಹನಿಯಾಗಿ ಇಳಿಯತೊಡಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಆಗಾಗ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಪುಡಿ) ಕರಗಿಸಿದ ನೀರು ಹಾಯಿಸಿ, ಬಳಿಕ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ.

ಉತ್ತರ 3: ಕೊಳ್ಳುವ ಮುನ್ನ ಅತ್ತೆಯವರನ್ನೇ ಅಂಗಡಿಗೆ ಕರೆದೊಯ್ದು, ಅವರ ಕೈಯಿಂದಲೇ ಮುಚ್ಚಳ ತೆರೆಸಿ ನೋಡಿ.