ಪದ ಬೇಕು: ಹಂದಿ ಗುಟುರು ಹಾಕುತ್ತದೋ, ಗುರುಗುಟ್ಟುತ್ತದೋ?

ಚಿಂತಾಮಣಿಯಿಂದ:

ತುರ್ತಾಗಿ ಬೇಕಿತ್ತು. ಹಂದಿ ಸಾಕುವವರ ತರಬೇತಿಗೆ ಫ್ಲೆಕ್ಸ್ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಹಂದಿಯ ದನಿ ಕೇಳಿ ಅದು ನೆಮ್ಮದಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಅನ್ನುವುದೇ ವಿಷಯ. ಯುರೋಪಿನ ಸಂಶೋಧಕರು 411 ಹಂದಿಗಳ 7,414 ದನಿಗಳನ್ನು ಇಟ್ಟುಕೊಂಡು ಇದನ್ನು ನೋಡಿದ್ದಾರೆ. ಹುಟ್ಟಿದಾಗಿನಿಂದ ಕಸಾಯಿಖಾನೆವರೆಗಿನ ದನಿಗಳು ಅದರಲ್ಲಿವೆ. 2022ರಲ್ಲಿ ಅದು ಪ್ರಕಟವಾಯಿತು. ಹಾಯಾಗಿದ್ದಾಗ ದನಿ ಚಿಕ್ಕದು, ಏರಿಳಿತ ಕಡಿಮೆ. ನೋವು, ಹೆದರಿಕೆ ಇದ್ದಾಗ ಉದ್ದ, ಕೀಚಲು. ದನಿ ಹಾಯಾಗಿದ್ದಾಗಿನದೋ ಕಷ್ಟದ್ದೋ ಅನ್ನುವುದನ್ನು ಕಂಪ್ಯೂಟರ್ ನೂರಕ್ಕೆ ಸುಮಾರು 92 ಸಲ ಸರಿಯಾಗಿ ಗುರುತಿಸಿದೆ.

ಹಂದಿಯ ದನಿಗಳಿಗೆ ಇಂಗ್ಲಿಷಿನಲ್ಲಿ ಗ್ರಂಟ್, ಸ್ಕ್ವೀಲ್, ಸ್ಕ್ರೀಮ್, ಬಾರ್ಕ್ ಅನ್ನುತ್ತಾರೆ. ನಾಲ್ಕಕ್ಕೂ ಬೇರೆ ಬೇರೆ ಪದ ಬೇಕು. ಮೊದಲನೆಯದಕ್ಕೆ 'ಗುಟುರು' ಹಾಕಿದ್ದೇನೆ. ಸರಿ ಅಲ್ವಾ?

ತಿಪಟೂರಿನಿಂದ:

ತಪ್ಪು. ಗುಟುರು ಹೋರಿಯದು. ಅದರಲ್ಲಿ ಸಿಟ್ಟಿದೆ, ಹಾಯಲು ಬರುವ ಸೂಚನೆ ಇದೆ. ನಿಮಗೆ ಬೇಕಿರುವುದು ನೆಮ್ಮದಿಯ ದನಿ. 'ಗುರುಗುಟ್ಟು' ಅನ್ನಿ. ಸಂಸ್ಕೃತದ 'ಘುರ್ಘುರ'ವೇ ಇದರ ಮೂಲ. ಅಲ್ಲಿ ಅದು ಹಂದಿಯ ದನಿಗೂ ಸಲ್ಲುತ್ತದೆ.

ಶಿರಾದಿಂದ:

ಒಪ್ಪುವುದಿಲ್ಲ. ಅನುಕರಣ ಪದಕ್ಕೆ ಸಂಸ್ಕೃತದ ಮೂಲ ಹುಡುಕುವ ಚಾಳಿ ಬಿಡಿ. ವಟಗುಟ್ಟು, ಪಿಸುಗುಟ್ಟು ಎಲ್ಲಿಂದ ಬಂದವು? ಹಂದಿಯ ದನಿ ಎಲ್ಲ ಭಾಷೆಯವರ ಕಿವಿಗೂ ಬಿದ್ದಿದೆ. ಅಲ್ಲದೆ ಗುರುಗುಟ್ಟುವುದು ನಾಯಿ, ಅದೂ ಕಚ್ಚುವ ಮುಂಚೆ. 'ದನಿ'ಯೂ ಬೇಡ, ಅದು ಧ್ವನಿಯ ತದ್ಭವ. ಅಚ್ಚಗನ್ನಡದ 'ಉಲಿ' ಬಳಸಿ.

ತಿಪಟೂರಿನಿಂದ:

ತದ್ಭವ ನಮ್ಮದೇ. 'ಹಂದಿಯ ಉಲಿ' ಅಂತ ಬರೆದರೆ ಫ್ಲೆಕ್ಸ್ ಮುಂದೆ ಯಾರೂ ನಿಲ್ಲುವುದಿಲ್ಲ.

ಮುಳಬಾಗಿಲಿನಿಂದ:

ನಾನು ಹಂದಿ ಸಾಕಿದವನು, ಅದಕ್ಕೇ ಬರೆಯುತ್ತಿದ್ದೇನೆ. ತಾಯಿ ಹಂದಿ ಮಲಗಿ ಮರಿಗಳನ್ನು ಹಾಲಿಗೆ ಕರೆಯುವಾಗ 'ಗೊರ್ ಗೊರ್' ಅನ್ನುತ್ತದೆ. ಮೊದಲು ನಿಧಾನ. ಹಾಲು ಇಳಿಯುವ ಸ್ವಲ್ಪ ಮುಂಚೆ ಆ ಗೊರಗೊರ ಬೇಗ ಬೇಗ ಬರುತ್ತದೆ. ಹಾಲು ಇಳಿಯುವುದು 20 ಸೆಕೆಂಡು ಅಷ್ಟೆ, ಆ ದನಿ ಗೊತ್ತಿರುವ ಮರಿ ಹಾಲು ತಪ್ಪಿಸಿಕೊಳ್ಳುವುದಿಲ್ಲ. ಇದಕ್ಕೆ 'ಗೊರಗುಟ್ಟು' ಅನ್ನಿ. ಸಿಟ್ಟಿನ ವಾಸನೆ ಇಲ್ಲ. ಆದರೆ ಗೊರಗುಟ್ಟಿದ ಹಂದಿ ಎಲ್ಲ ನೆಮ್ಮದಿಯಾಗಿದೆ ಅಂತ ಬರೆಯಬೇಡಿ. ಕಷ್ಟದಲ್ಲೂ ಗೊರಗುಟ್ಟುತ್ತವೆ, ಆಗ ಎಳೆತ ಜಾಸ್ತಿ.

ಬಾರ್ಕಿಗೆ 'ಬೊಗಳು' ಬೇಡವೇ ಬೇಡ. ಬೆದರಿದಾಗ ಒಂದು ಹಂದಿ ಗಕ್ಕನೆ ಕೂಗುತ್ತದೆ, ಉಳಿದವು ನಿಂತಲ್ಲೇ ನಿಲ್ಲುತ್ತವೆ. ಮರಿಗಳು ಓಡಾಡಿ ಆಡುವಾಗಲೂ ಅದೇ ಕೂಗು. ಹಾಗಾಗಿ 'ಬೆದರುಕೂಗು' ಅನ್ನಲೂ ಆಗದು. 'ಗಕ್ಕನೆ ಕೂಗು' ಸಾಕು. ಬೀಜ ತೆಗೆಯುವಾಗ ಕೇಳುವುದು ಚೀರಾಟ, ಅದಕ್ಕೆ ಬೇರೆ ಪದವೇ ಬೇಡ.

ಇನ್ನೊಂದು. ನಮ್ಮಲ್ಲಿ ತೆಲುಗು ಮನೆಯವರು 'ಪಂದಿ' ಅನ್ನುತ್ತಾರೆ. ಅದು ತೆಲುಗು, ಕನ್ನಡಕ್ಕೆ ಬೆರೆಸಬೇಡಿ ಅಂತ ಒಬ್ಬರು ನನ್ನನ್ನು ತಿದ್ದಿದ್ದರು. ಹಳಗನ್ನಡದಲ್ಲೂ ಅದು ಪಂದಿಯೇ.

ಶಿರಾದಿಂದ:

ಪಕಾರ ಹಕಾರವಾದದ್ದು ಗೊತ್ತಿರುವ ಮಾತು. ಇವತ್ತು ಬರೆಯಬೇಕಾದ್ದು ಹಂದಿ. ಗೊರಗುಟ್ಟು ಚೆನ್ನಾಗಿದೆ, ಒಪ್ಪಿದೆ. ಉಲಿ ಬಿಡುವುದಿಲ್ಲ.

ಚಿಂತಾಮಣಿಯಿಂದ:

ಗೊರಗುಟ್ಟು, ಕೀಚಲು ಕೂಗು, ಚೀರಾಟ, ಗಕ್ಕನೆ ಕೂಗು. ಇಷ್ಟನ್ನೇ ಹಾಕುತ್ತೇನೆ. ದನಿ ದನಿಯಾಗಿಯೇ ಇರುತ್ತದೆ, ಶಿರಾದವರು ಕ್ಷಮಿಸಬೇಕು. 'ವೆಲ್‌ಫೇರ್'ಗೆ ಸರ್ಕಾರಿ ಕಾಗದದಲ್ಲಿ 'ಕಲ್ಯಾಣ' ಇದೆ. ನಮ್ಮ ಕಡೆ ಕಲ್ಯಾಣ ಅಂದರೆ ಮದುವೆ. 'ನೆಮ್ಮದಿ' ಅಂತ ಬರೆದಿದ್ದೇನೆ. ಬೇರೆ ಪದ ಇದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.