ನಮ್ಮ ಎಂಪಿ ವಿದೇಶಾಂಗ ಸಚಿವರನ್ನು ನೇರವಾಗಿ ಕೇಳುವಂತೆಯೇ ಇಲ್ಲವೇ?

ರೆಡಿಂಗ್ ಕನ್ನಡತಿ:
2024ರ ಶುರುವಿನಲ್ಲಿ ಒಂದು ಮಂಗಳವಾರ ಮಗಳನ್ನು ಕರೆದುಕೊಂಡು ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿದ್ದೆ. ಬ್ರಿಟಿಷ್ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ ವಿದೇಶಾಂಗ ಖಾತೆಯ ಪ್ರಶ್ನೋತ್ತರ. ಗ್ಯಾಲರಿಯ ಗಾಜಿನ ಹಿಂದೆ ಕೂತು ನೋಡಿದರೆ, ಕೆಳಗೆ ಗಾಜಾ ಬಗ್ಗೆ ಉತ್ತರ ಕೊಡುತ್ತಿದ್ದವರು ರಾಜ್ಯ ಸಚಿವ ಆಂಡ್ರ್ಯೂ ಮಿಚೆಲ್. "ಡೇವಿಡ್ ಕ್ಯಾಮರಾನ್ ಎಲ್ಲಮ್ಮ?" ಅಂದಳು ಮಗಳು. ಆಗ ವಿದೇಶಾಂಗ ಸಚಿವರು ಅವರೇ. ಅವರು ಮೇಲ್ಮನೆಯಾದ ಲಾರ್ಡ್ಸ್‌ನ ಸದಸ್ಯರು, ಇಲ್ಲಿಗೆ ಬರುವ ಹಾಗಿಲ್ಲ ಅಂದೆ. "ಹಾಗಾದರೆ ನಾವು ಓಟು ಹಾಕಿದ ಎಂಪಿ ಕ್ಯಾಮರಾನ್‌ರನ್ನು ಕೇಳುವುದು ಹೇಗೆ?" ಆ ದಿನ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಈಗ ಅವಳು ಎ-ಲೆವೆಲ್‌ನಲ್ಲಿ (ನಮ್ಮ ಪಿಯುಸಿ ಇದ್ದ ಹಾಗೆ) ರಾಜಕೀಯಶಾಸ್ತ್ರ ತೆಗೆದುಕೊಂಡಿದ್ದಾಳೆ, ಅದೇ ಪ್ರಶ್ನೆ ಮತ್ತೆ ಬಂದಿದೆ. ನಮ್ಮಲ್ಲಿ ನಿರ್ಮಲಾ ಸೀತಾರಾಮನ್ ಕರ್ನಾಟಕದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯೆ, ಆದರೂ ಬಜೆಟ್ ಓದುವುದು ಲೋಕಸಭೆಯಲ್ಲೇ. ಇಲ್ಲಿ ಯಾಕೆ ಆಗುವುದಿಲ್ಲ? ತಿಳಿದವರು ಹೇಳಿ.

ಹಳೇ ವರದಿಗಾರ:
ಮೇಡಂ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನಮ್ಮ ಸಂವಿಧಾನದ 88ನೇ ವಿಧಿಯ ಪ್ರಕಾರ ಕೇಂದ್ರದ ಯಾವ ಸಚಿವರೂ ಎರಡೂ ಸದನಗಳಲ್ಲಿ ಮಾತಾಡಬಹುದು; ಮತ ಹಾಕುವುದು ಮಾತ್ರ ತಾವು ಸದಸ್ಯರಾದ ಕಡೆ. ರಾಜ್ಯಕ್ಕೆ 177ನೇ ವಿಧಿ. ವಿಧಾನಸೌಧದಲ್ಲಿ ವರದಿ ಮಾಡುತ್ತಿದ್ದಾಗ ಪರಿಷತ್ತಿನ ಸಚಿವರು ವಿಧಾನಸಭೆಗೆ ಬಂದು ಶಾಸಕರಿಗೆ ಉತ್ತರ ಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಮಗೆ ಅದು ಸುದ್ದಿಯೇ ಆಗಿರಲಿಲ್ಲ.

ಬ್ರಿಟನ್ನಿನಲ್ಲಿ ಅಂಥ ವಿಧಿ ಇಲ್ಲ. ಸಚಿವರು ಮಾತಾಡುವುದು ತಮ್ಮ ಸದನದಲ್ಲಿ ಮಾತ್ರ. 1982ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾ ಫಾಕ್‌ಲ್ಯಾಂಡ್ಸ್‌ಗೆ ನುಗ್ಗಿದಾಗ ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ಇದ್ದದ್ದು ಮೇಲ್ಮನೆಯಲ್ಲಿ. ಏಪ್ರಿಲ್ 3ರ ಶನಿವಾರ ಕಾಮನ್ಸ್ ಕಿಡಿಕಾರಿದಾಗ ರಕ್ಷಣಾ ಸಚಿವ ಜಾನ್ ನಾಟ್ ಅಲ್ಲಿ ನಿಂತು ಅದನ್ನು ಎದುರಿಸಬೇಕಾಯಿತು. ಕ್ಯಾರಿಂಗ್ಟನ್ 5ಕ್ಕೆ ರಾಜೀನಾಮೆ ಕೊಟ್ಟರು, ಅದು ಅವರ ದೊಡ್ಡತನ. ಆದರೆ ರಾಜೀನಾಮೆ ಬೇರೆ, ಎದುರು ನಿಂತು ಉತ್ತರಿಸುವುದು ಬೇರೆ.

ಕ್ಯಾಮರಾನ್ 2023ರ ನವೆಂಬರ್‌ನಲ್ಲಿ ನೇಮಕವಾದ ಮೇಲೆ ಕಾಮನ್ಸ್‌ನ ಕಾರ್ಯವಿಧಾನ ಸಮಿತಿ ಒಂದು ದಾರಿ ಸೂಚಿಸಿತು. ಸದನದ ಬಾಗಿಲ ಬಳಿ ನೆಲದ ಮೇಲೆ ಬಿಳಿ ಗೆರೆ ಇದೆ, 'ಬಾರ್' ಅನ್ನುತ್ತಾರೆ; ಸದಸ್ಯರಲ್ಲದವರು ಅದನ್ನು ದಾಟುವಂತಿಲ್ಲ. ಆ ಗೆರೆಯ ಬಳಿ ನಿಂತು ಉತ್ತರ ಕೊಡಲಿ ಎಂದಿತು, 2024ರ ಜನವರಿಯಲ್ಲಿ. ಹೊರಗಿನವರು ಅಲ್ಲಿಗೆ ಬಂದು ಮಾತಾಡಿದ್ದೂ ಉಂಟು: 1814ರಲ್ಲಿ ವೆಲ್ಲಿಂಗ್ಟನ್ ಬಂದಿದ್ದ. ಹೌದು, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಸರ್ಕಾರ ಸಮಿತಿಯ ಮಾತು ಒಪ್ಪಲಿಲ್ಲ. ಜುಲೈನಲ್ಲಿ ಚುನಾವಣೆ ಬಂತು, ಕ್ಯಾಮರಾನ್ ಆ ಗೆರೆಯ ಹತ್ತಿರ ನಿಲ್ಲಲೇ ಇಲ್ಲ. ಒಪ್ಪದೆ ಹೋದದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಧಾರವಾಡದವಳು:
ಸರ್, ನಮ್ಮದು ಇಷ್ಟು ಚಲೋ ಐತಿ ಅಂತ ಬಿಟ್ಟುಬಿಡಬ್ಯಾಡ್ರಿ. 2024ರ ಜನವರಿ 9ಕ್ಕ ಇದ ಕ್ಯಾಮರಾನ್ ಕಾಮನ್ಸ್‌ನ ವಿದೇಶಾಂಗ ಸಮಿತಿ ಮುಂದ ಕುಂತಿದ್ರು. ಬ್ಯಾರೆ ಬ್ಯಾರೆ ಪಕ್ಷದ ಎಂಪಿಗಳು ಒಬ್ಬರಾದ ಮ್ಯಾಲೊಬ್ಬರು ಗಾಜಾ ಬಗ್ಗೆ ಕೇಳಿದ್ರು, ಕ್ಯಾಮೆರಾ ಮುಂದನ. ನಮ್ಮ ಸಂಸತ್ತಿನ ಸ್ಥಾಯಿ ಸಮಿತಿ ಮುಂದ ಕುಂದ್ರೋರು ಇಲಾಖೆ ಕಾರ್ಯದರ್ಶಿಗಳು, ಸಚಿವರಲ್ಲ. ಅದೂ ಬಾಗಿಲು ಹಾಕ್ಕೊಂಡು. ಸದನದಾಗ ಒಂದು ಉಪಪ್ರಶ್ನೆಗೆ ಎರಡು ನಿಮಿಷ ಉತ್ತರ ಹೇಳೋದು ಸುಲಭ. ಒಬ್ಬರನ್ನ ಮುಂದ ಕುಂದ್ರಿಸಿ, "ಇದಕ್ಕ ಉತ್ತರ ಬರಲಿಲ್ಲ, ಮತ್ತ ಕೇಳತೀನಿ" ಅನ್ನೋದು ಅಲ್ಲೇ ಆಗೋದು.

ಹಳೇ ವರದಿಗಾರ:
ಒಪ್ಪಿದೆ. ಆ ಕಡೆ ನನ್ನ ಗಮನ ಹೋಗಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ: ಅಲ್ಲಿನ ಸಮಿತಿ ಲಾರ್ಡ್ಸ್ ಸದಸ್ಯರನ್ನು ಆಹ್ವಾನಿಸಬಹುದು, ಬಲವಂತ ಮಾಡುವಂತಿಲ್ಲ. ಸಮಿತಿಯಲ್ಲಿ ಜಾಗ ಇರುವುದು ಕೆಲವೇ ಎಂಪಿಗಳಿಗೆ. ರೆಡಿಂಗ್ ಎಂಪಿ ಅದರಲ್ಲಿ ಇಲ್ಲದಿದ್ದರೆ, ಈ ಮೇಡಂ ಮನೆಯ ಪ್ರಶ್ನೆ ಆಗ ಮಿಚೆಲ್ ಹತ್ತಿರವೇ ನಿಲ್ಲುತ್ತಿತ್ತು.

ರೆಡಿಂಗ್ ಕನ್ನಡತಿ:
ಇಬ್ಬರಿಗೂ ಮನಸಾರೆ ವಂದನೆ. ಜನವರಿ 9ರ ವಿಡಿಯೋ ಹುಡುಕಿ ನೋಡುತ್ತಿದ್ದೇವೆ. ಮಗಳು ನೋಟ್‌ಬುಕ್ ಹಿಡಿದು, ಯಾವ ಪ್ರಶ್ನೆಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಅಂತ ಎರಡು ಸಾಲು ಮಾಡಿ ಬರೆಯುತ್ತಿದ್ದಾಳೆ.